‘ಆ ಮತ ಯಾಕೆ ಹಾಕಿದಿರಿ?’: ಅಮೆರಿಕದ ಟೌನ್ ಹಾಲ್ ಸಭೆಗಳು ಮತ್ತು ಪ್ರತಿನಿಧಿಯ ಉತ್ತರದಾಯಿತ್ವ

(ಗಡಿನಾಡ ಕನ್ನಡಿಗರ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಮಾತಿನ ಲಿಖಿತ ರೂಪ. ಆಡುಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನಾನು ಕಾಸರಗೋಡಿನಿಂದ ಮಾತಾಡ್ತಾ ಇದ್ದೇನೆ. ಗಡಿನಾಡಿನ ಶಾಲೆ, ಪಠ್ಯಪುಸ್ತಕ, ನೇಮಕಾತಿ, ಯಾವ ವಿಷಯ ಎತ್ತಿಕೊಂಡರೂ ಚರ್ಚೆ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: “ಮನವಿ ಕೊಟ್ಟಾಯ್ತು, ಇನ್ನೇನು ಮಾಡುವುದು?” ಆ ‘ಇನ್ನೇನು’ ಎಂಬುದಕ್ಕೆ ಬೇರೆ ಕಡೆಯ ಜನ ಏನು ಮಾಡ್ತಾರೆ ಅಂತ ನೋಡಲು ಇವತ್ತು ಅಮೆರಿಕದ ವಿಷಯ ಎತ್ತಿಕೊಂಡಿದ್ದೇನೆ. ಅಧ್ಯಕ್ಷರ ಸುದ್ದಿ ನಮಗೆ ದಿನವೂ ಸಿಗ್ತದೆ. ಅಲ್ಲಿನ ಸಾಮಾನ್ಯ ಮತದಾರ ತನ್ನ ಪ್ರತಿನಿಧಿಯನ್ನು ಎಲ್ಲಿ, ಹೇಗೆ ಪ್ರಶ್ನಿಸ್ತಾನೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಅಹವಾಲು ಬೇರೆ, ಪ್ರಶ್ನೆ ಬೇರೆ

ಟೌನ್ ಹಾಲ್ ಅಂದಕೂಡಲೇ ನಮಗೆ ಬೆಂಗಳೂರಿನ ಪುರಭವನ ನೆನಪಾಗ್ತದೆ. ಅಲ್ಲಿ ಈ ಹೆಸರು ಕಟ್ಟಡಕ್ಕಿಂತ ಹೆಚ್ಚಾಗಿ ಸಭೆಗೆ ಅಂಟಿಕೊಂಡಿದೆ. ಸಂಸತ್ತಿನ ಸದಸ್ಯರು ತಮ್ಮ ಕ್ಷೇತ್ರದ ಶಾಲೆಯ ಸಭಾಂಗಣದಲ್ಲೋ ಗ್ರಂಥಾಲಯದಲ್ಲೋ ನಿಲ್ತಾರೆ, ಮೈಕು ಜನರ ಕೈಗೆ ಹೋಗ್ತದೆ. ಹೀಗೆ ಸಭೆ ನಡೆಸಬೇಕೆಂಬ ಕಾನೂನು ಯಾವುದೂ ಇಲ್ಲ, ರೂಢಿಯಷ್ಟೇ. ಕೆಳಮನೆಯಲ್ಲಿ 435 ಸದಸ್ಯರು, ಒಬ್ಬೊಬ್ಬರಿಗೆ ಸರಾಸರಿ 7.6 ಲಕ್ಷ ಜನ. ಎರಡೆರಡು ವರ್ಷಕ್ಕೆ ಚುನಾವಣೆ. ಹಾಗಾಗಿ ಕ್ಷೇತ್ರದ ಜನರನ್ನು ಬಹಳ ದಿನ ದೂರ ಇಡುವುದು ಕಷ್ಟ.

ಇದರ ಜೊತೆಗೆ ಪ್ರತಿ ಸದಸ್ಯರಿಗೂ ಕ್ಷೇತ್ರದಲ್ಲಿ ಕಚೇರಿ ಉಂಟು. ಪಾಸ್‌ಪೋರ್ಟ್ ತಡವಾಯ್ತು, ಪಿಂಚಣಿ ನಿಂತಿತು, ಮಾಜಿ ಸೈನಿಕರ ಚಿಕಿತ್ಸೆಯ ಕಾಗದ ಸಿಕ್ಕಿಹಾಕಿಕೊಂಡಿತು ಅಂದ್ರೆ ಜನ ಅಲ್ಲಿಗೆ ಹೋಗ್ತಾರೆ. ಇದು ನಮ್ಮ ಜನಸಂಪರ್ಕ ಸಭೆಯ ಹಾಗೆ, ಅಹವಾಲು. ಟೌನ್ ಹಾಲಿನಲ್ಲಿ ಕೇಳುವುದು ಇನ್ನೊಂದು ಬಗೆಯದು: “ಆ ಮಸೂದೆಗೆ ನೀವು ಹಾಕಿದ ಮತಕ್ಕೆ ಕಾರಣ ಏನು?” ಅಹವಾಲಿನಲ್ಲಿ ಕೇಳುವವರು ಕೈ ಚಾಚಿರ್ತಾರೆ. ಪ್ರಶ್ನೆಯಲ್ಲಿ ಹಾಗಿಲ್ಲ, ಲೆಕ್ಕ ಒಪ್ಪಿಸಬೇಕಾದವರು ಎದುರಿಗಿದ್ದವರು. ಈ ವ್ಯತ್ಯಾಸವೇ ನನ್ನ ಇವತ್ತಿನ ಮಾತಿನ ತಿರುಳು.

2017ರ ಉದಾಹರಣೆ

ಒಬಾಮ ಕಾಲದ ಆರೋಗ್ಯ ವಿಮೆ ಕಾನೂನು 2010ರ ಮಾರ್ಚಿನಲ್ಲಿ ಬಂತು. ಮೊದಲೇ ಕಾಯಿಲೆ ಇದ್ದವರಿಗೆ ವಿಮೆ ನಿರಾಕರಿಸುವ ಹಾಗಿಲ್ಲ ಎಂಬುದು ಅದರ ಮುಖ್ಯ ಅಂಶ. ಮಸೂದೆಯ ಹಂತದಲ್ಲಿದ್ದಾಗ, 2009ರ ಆಗಸ್ಟಿನಲ್ಲಿ, ಟೀ ಪಾರ್ಟಿ ಚಳವಳಿಯ ಬಲಪಂಥೀಯ ಮತದಾರರು ಡೆಮಾಕ್ರಟಿಕ್ ಸದಸ್ಯರ ಸಭೆಗಳಿಗೆ ನುಗ್ಗಿ ಗದ್ದಲ ಎಬ್ಬಿಸಿದ್ದರು. ಮುಂದಿನ ವರ್ಷದ ಚುನಾವಣೆಯಲ್ಲಿ ರಿಪಬ್ಲಿಕನ್ನರಿಗೆ ಕೆಳಮನೆಯಲ್ಲಿ 63 ಸ್ಥಾನ ಹೆಚ್ಚಾಯಿತು.

2016ರ ಡಿಸೆಂಬರಿನಲ್ಲಿ ಸಂಸತ್ ಕಚೇರಿಗಳಲ್ಲಿ ದುಡಿದಿದ್ದ ಕೆಲವರು ‘ಇಂಡಿವಿಸಿಬಲ್’ ಎಂಬ ಕೈಪಿಡಿಯನ್ನು ಅಂತರ್ಜಾಲಕ್ಕೆ ಹಾಕಿದರು. ಅವರು ಎಡಕ್ಕೆ ಒಲಿದವರು. ಆದರೂ ಟೀ ಪಾರ್ಟಿಯವರ ತಂತ್ರವನ್ನು ನೋಡಿ ಕಲಿತಿದ್ದೇವೆ ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡರು. ಅವರ ಸಲಹೆ ಸರಳ: ನಿಮ್ಮ ಕ್ಷೇತ್ರದ ಸದಸ್ಯರನ್ನೇ ಹಿಡಿಯಿರಿ, ಸಭೆಗೆ ಹೋಗಿ, ಫೋನು ಮಾಡಿ. ಒಂದೇ ಆಯುಧ ಎರಡೂ ಪಕ್ಷದ ಜನರ ಕೈಗೆ ಬಂದದ್ದನ್ನು ಗಮನಿಸಬೇಕು.

2017ರ ಫೆಬ್ರುವರಿಯಲ್ಲಿ ಯೂಟಾದಲ್ಲಿ ಜೇಸನ್ ಚಾಫೆಟ್ಜ್, ಅರ್ಕನ್ಸಾದಲ್ಲಿ ಟಾಮ್ ಕಾಟನ್, ಹೀಗೆ ರಿಪಬ್ಲಿಕನ್ ಸದಸ್ಯರ ಸಭೆಗಳು ತುಂಬಿ ತುಳುಕಿದವು. ಈ ಕಾನೂನು ರದ್ದಾದರೆ ನನ್ನ ಔಷಧಿಗೆ ಏನು ಗತಿ ಅಂತ ಜನ ಎದ್ದು ನಿಂತು ಕೇಳಿದರು. ಮಾರ್ಚ್ 24ರಂದು ರದ್ದತಿ ಮಸೂದೆಯನ್ನು ಮತಕ್ಕೆ ಹಾಕದೆ ಹಿಂದೆ ತೆಗೆದುಕೊಂಡರು. ಮೇ 4ರಂದು ತಿದ್ದಿದ ಮಸೂದೆ ಕೆಳಮನೆಯಲ್ಲಿ 217–213ರಲ್ಲಿ ಗೆದ್ದಿತು. ಜುಲೈ 28ರ ನಸುಕಿನಲ್ಲಿ ಸೆನೆಟ್‌ನಲ್ಲಿ 49–51ರಲ್ಲಿ ಸೋತಿತು. ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ, ಜಾನ್ ಮೆಕೇನ್, ಈ ಮೂವರು ರಿಪಬ್ಲಿಕನ್ನರು ತಮ್ಮ ಪಕ್ಷದ ವಿರುದ್ಧ ಮತ ಹಾಕಿದ್ದರು.

ಸಭೆಗಳಿಂದಲೇ ಮಸೂದೆ ಬಿತ್ತು ಅಂತ ಹೇಳಿದರೆ ಅದು ಅತಿಯಾಯ್ತು. ಮೆಕೇನ್ ಕೊಟ್ಟ ಕಾರಣ, ಮಸೂದೆಯನ್ನು ಸರಿಯಾದ ಕ್ರಮದಲ್ಲಿ ತಂದಿಲ್ಲ ಎಂಬುದು. ಇಷ್ಟು ಹೇಳಬಹುದು: ರದ್ದತಿ ಅಂದ್ರೆ ಯಾರ ಮನೆಗೆ ಏನಾಗ್ತದೆ ಎಂಬುದು ಆ ಸಭೆಗಳಿಂದ ಎಲ್ಲರ ಕಣ್ಣಿಗೆ ಬಿತ್ತು. ಅದಾದ ಮೇಲೆ ಮತ ಹಾಕಿದವರು ಯಾರೂ ‘ನನಗೆ ಗೊತ್ತಿರಲಿಲ್ಲ’ ಅನ್ನುವ ಹಾಗಿರಲಿಲ್ಲ.

ಪ್ರಶ್ನೆಗೆ ಅಲ್ಲಿ ಯಾಕೆ ಬೆಲೆ?

ಪಕ್ಷದ ವಿರುದ್ಧ ಮತ ಹಾಕಿದ ಆ ಮೂವರೂ ಸ್ಥಾನ ಕಳೆದುಕೊಳ್ಳಲಿಲ್ಲ. ಅಮೆರಿಕದಲ್ಲಿ ಪಕ್ಷಾಂತರ ನಿಷೇಧ ಕಾನೂನು ಇಲ್ಲ. ಪಕ್ಷ ಮುನಿಸಿಕೊಳ್ಳಬಹುದು, ಮುಂದಿನ ಪ್ರಾಥಮಿಕ ಚುನಾವಣೆಯಲ್ಲಿ ಎದುರಾಳಿಯನ್ನು ನಿಲ್ಲಿಸಬಹುದು, ಸದಸ್ಯತ್ವ ಕಿತ್ತುಕೊಳ್ಳಲಾಗದು. ಅಂದ್ರೆ ಮತ ಸದಸ್ಯರ ಸ್ವಂತದ್ದು. ಸ್ವಂತದ್ದಾದ್ದರಿಂದಲೇ ಉತ್ತರವನ್ನೂ ಅವರೇ ಕೊಡಬೇಕು.

ನಮ್ಮಲ್ಲಿ 1985ರ 52ನೇ ತಿದ್ದುಪಡಿಯಿಂದ ಹತ್ತನೇ ಅನುಸೂಚಿ ಬಂತು. ವಿಪ್ ಮೀರಿ ಮತ ಹಾಕಿದರೆ ಸಂಸದರೂ ಶಾಸಕರೂ ಸದಸ್ಯತ್ವಕ್ಕೇ ಎರವಾಗಬಹುದು. ಆಯಾರಾಂ ಗಯಾರಾಂ ರಾಜಕೀಯ ತಡೆಯಲಿಕ್ಕೆ ಅದು ಬೇಕಿತ್ತು, ನಿಜ. ಆದರೆ ‘ಯಾಕೆ ಹಾಗೆ ಮತ ಹಾಕಿದಿರಿ’ ಅಂತ ಕೇಳಿದರೆ ‘ಪಕ್ಷದ ವಿಪ್ ಇತ್ತು’ ಅನ್ನುವಲ್ಲಿಗೆ ಮಾತು ಮುಗೀತದೆ. ನಮ್ಮ ಜನರಿಗೆ ಪ್ರಶ್ನಿಸುವ ಧೈರ್ಯ ಇಲ್ಲ ಅಂತ ಹೇಳುವ ಮೊದಲು ಈ ವ್ಯವಸ್ಥೆಯ ವ್ಯತ್ಯಾಸ ನೋಡಬೇಕು.

ಖಾಲಿ ಕುರ್ಚಿ

ಅಲ್ಲಿ ಎಲ್ಲ ಚೆನ್ನಾಗಿದೆ ಅಂತಲೂ ಅಲ್ಲ. 2025ರ ಫೆಬ್ರುವರಿಯಲ್ಲಿ ಜಾರ್ಜಿಯಾದ ರಾಸ್‌ವೆಲ್‌ನಲ್ಲಿ ರಿಚ್ ಮೆಕಾರ್ಮಿಕ್ ನಡೆಸಿದ ಸಭೆಯಲ್ಲಿ ಕೇಂದ್ರ ಸರ್ಕಾರದ ನೌಕರರ ಕಡಿತದ ಬಗ್ಗೆ ಜನ ತರಾಟೆಗೆ ತೆಗೆದುಕೊಂಡರು. ಮಾರ್ಚಿನಲ್ಲಿ ರಿಪಬ್ಲಿಕನ್ನರ ಕೆಳಮನೆ ಚುನಾವಣಾ ಸಮಿತಿಯ ಅಧ್ಯಕ್ಷ ರಿಚರ್ಡ್ ಹಡ್ಸನ್, ಮುಖಾಮುಖಿ ಸಭೆ ಬೇಡ ಅಂತ ತಮ್ಮ ಸದಸ್ಯರಿಗೆ ಸಲಹೆ ಕೊಟ್ಟರು. ಹಲವರು ಫೋನ್ ಸಭೆಗೆ ಹೊರಳಿದರು. ಅಲ್ಲಿ ಪ್ರಶ್ನೆ ಆರಿಸುವುದು ಸದಸ್ಯರ ಸಿಬ್ಬಂದಿ. ಬಾರದವರ ಹೆಸರಿನಲ್ಲಿ ಖಾಲಿ ಕುರ್ಚಿ ಇಟ್ಟು ಜನರೇ ಸಭೆ ನಡೆಸಿದ ಊರುಗಳುಂಟು. ನೆಬ್ರಾಸ್ಕದ ಮೈಕ್ ಫ್ಲಡ್ ಮಾತ್ರ ಆಗಸ್ಟಿನಲ್ಲಿ ಲಿಂಕನ್ ನಗರದಲ್ಲಿ ಜನರೆದುರು ನಿಂತರು. ತೆರಿಗೆ ಮತ್ತು ವೆಚ್ಚದ ದೊಡ್ಡ ಮಸೂದೆಗೆ ತಾವು ಹಾಕಿದ ಮತವನ್ನು ಸಮರ್ಥಿಸಿ ಕೂಗಾಟವನ್ನೂ ಕೇಳಿಸಿಕೊಂಡರು. ಅವರ ಮತವನ್ನು ಒಪ್ಪದವರೂ ಅವರು ಬಂದು ನಿಂತದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಇನ್ನೊಂದು ಮಿತಿ ಕ್ಷೇತ್ರಗಳ ಗಡಿರೇಖೆಯದು. ಆಳುವ ಪಕ್ಷ ತನಗೆ ಬೇಕಾದ ಹಾಗೆ ಗೆರೆ ಎಳೆದರೆ ಸದಸ್ಯರಿಗೆ ಎದುರು ಪಕ್ಷದ ಮತದಾರರ ಭಯ ಇರುವುದಿಲ್ಲ. 2025ರಲ್ಲಿ ಟೆಕ್ಸಾಸ್ ರಿಪಬ್ಲಿಕನ್ನರಿಗೆ ಅನುಕೂಲವಾಗುವಂತೆ ನಡುಗಾಲದಲ್ಲಿ ನಕ್ಷೆ ಬದಲಿಸಿತು. ಕ್ಯಾಲಿಫೋರ್ನಿಯಾದ ಮತದಾರರು ನವೆಂಬರಿನಲ್ಲಿ ಡೆಮಾಕ್ರಟರಿಗೆ ಅನುಕೂಲವಾಗುವ ನಕ್ಷೆ ಒಪ್ಪಿದರು. ಗಡಿಗೆರೆ ಎಳೆದಾಗ ಏನಾಗ್ತದೆ ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಧಿಕಾರದ ನಡುವೆಯೇ ವಾಪಸ್ ಕರೆಸುವ ‘ರಿಕಾಲ್’ ಕೆಲವು ರಾಜ್ಯಗಳಲ್ಲಿ ಉಂಟು. 2003ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಗ್ರೇ ಡೇವಿಸ್ ಹಾಗೆ ಹುದ್ದೆ ಕಳೆದುಕೊಂಡರು. 2021ರಲ್ಲಿ ಅದೇ ರಾಜ್ಯದ ಗ್ಯಾವಿನ್ ನ್ಯೂಸಮ್ ಉಳಿದುಕೊಂಡರು. ಕೇಂದ್ರ ಸಂಸತ್ತಿನ ಸದಸ್ಯರಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿಯೇ ಅಲ್ಲಿ ಮುಖಾಮುಖಿ ಪ್ರಶ್ನೆಗೆ ಹೆಚ್ಚು ತೂಕ.

ಚರ್ಚೆಯಿಂದ

ಪ್ರಶ್ನೆ: ಅಲ್ಲಿ ಭಾಷಾ ಅಲ್ಪಸಂಖ್ಯಾತರ ಗತಿ ಏನು?

ಉತ್ತರ: ಮತದಾನ ಹಕ್ಕು ಕಾಯ್ದೆಯ 203ನೇ ಕಲಂ 1975ರಲ್ಲಿ ಬಂತು. ಇಂಗ್ಲಿಷ್ ಸರಿಯಾಗಿ ಬಾರದ ಒಂದು ಭಾಷೆಯ ಮತದಾರರು ಒಂದು ಕೌಂಟಿಯಲ್ಲಿ 10,000ಕ್ಕಿಂತ ಹೆಚ್ಚೋ ಶೇಕಡ 5ಕ್ಕಿಂತ ಹೆಚ್ಚೋ ಇದ್ದರೆ, ನಿಗದಿತ ಗುಂಪುಗಳಿಗೆ ಅವರ ಭಾಷೆಯಲ್ಲೇ ಮತಪತ್ರ ಕೊಡಬೇಕು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಂಗಾಳಿ ಬಂದದ್ದು ಹೀಗೆ. ನಮ್ಮಲ್ಲಿ ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲೋ ಆ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅಂತ ಹೇಳ್ತದೆ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಅರ್ಜಿ ಬರೆಯುವುದು ಯಾರೋ ಕೊಡುವ ರಿಯಾಯಿತಿ ಅಲ್ಲ.

ಪ್ರಶ್ನೆ: ಅಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದಾರಾ?

ಉತ್ತರ: ಮಿಶಿಗನ್‌ನಿಂದ 2023ರಲ್ಲಿ ಕೆಳಮನೆಗೆ ಬಂದ ಶ್ರೀ ಥಾಣೇದಾರ್ ಹುಟ್ಟಿದ್ದು ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಮನೆಮಾತು ಮರಾಠಿ. ನಾವು ಗಡಿಯ ಆಚೆ, ಅವರು ಈಚೆ, ಅವರೂ ಭಾಷಾ ಅಲ್ಪಸಂಖ್ಯಾತರೇ. 2025ರಲ್ಲಿ ಅಧ್ಯಕ್ಷರ ಮೇಲೆ ಮಹಾಭಿಯೋಗದ ಆರೋಪಪಟ್ಟಿ ಮಂಡಿಸಿದರು. ಆದರೆ ಅವರು ಲೆಕ್ಕ ಒಪ್ಪಿಸಬೇಕಾದದ್ದು ಡೆಟ್ರಾಯಿಟ್ ಕಡೆಯ ಮತದಾರರಿಗೆ. ನಾವು ಹೆಮ್ಮೆಪಟ್ಟರೆ ಸಾಕು, ಪ್ರಶ್ನೆ ಕೇಳುವ ಹಕ್ಕು ಅವರದ್ದು.

ಪ್ರಶ್ನೆ: ವಿಪ್ ಇರುವಾಗ ನಾವು ಏನು ಕೇಳಬಹುದು?

ಉತ್ತರ: ವಿಪ್ ಮುಟ್ಟದ ಜಾಗ ಬೇಕಾದಷ್ಟಿದೆ. ಸದನದಲ್ಲಿ ನಮ್ಮ ಶಾಲೆಗಳ ಬಗ್ಗೆ ಎಷ್ಟು ಪ್ರಶ್ನೆ ಕೇಳಿದಿರಿ? ಹಾಜರಾತಿ ಎಷ್ಟು? ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ಸ್ಥಳೀಯ ಅಭಿವೃದ್ಧಿ ನಿಧಿ ಉಂಟು, ಅದರಲ್ಲಿ ಕನ್ನಡ ಶಾಲೆಯ ಕಟ್ಟಡಕ್ಕೆ ಎಷ್ಟು ಹೋಯಿತು? ಇವಕ್ಕೆಲ್ಲ ದಾಖಲೆ ಸಿಗ್ತದೆ. ಮುಂದಿನ ಸಲ ಮನವಿ ಪತ್ರ ಬರೆಯುವಾಗ ಕೊನೆಗೆ ಇಂಥ ಒಂದು ಪ್ರಶ್ನೆ ಸೇರಿಸೋಣ, ಉತ್ತರ ಬರುವ ತನಕ ಅದನ್ನೇ ಕೇಳ್ತಾ ಇರೋಣ.