ಭಾರದ ಬಂಡಿಯೂ ನಾವೂ ಒಂದೇ ದಾರಿಯಲ್ಲಿ

ಸ್ಮರಣ ಸಂಚಿಕೆಯೆಂದ ಮೇಲೆ ಅದರಲ್ಲಿ ಹಳೆಯ ನೆನಪುಗಳೂ, ಪರೀಕ್ಷೆಗಳ ಫಲಿತಾಂಶಗಳೂ, ಆಟಪಾಟಗಳ ವರದಿಯೂ ಇರುವುದು ವಾಡಿಕೆ. ಈ ಎರಡು ಪುಟಗಳಲ್ಲಿ ಮಾತ್ರ ನಾವು ಮನೆಗೂ ಶಾಲೆಗೂ ನಡುವೆ ಇರುವ ದಾರಿಯ ವಿಷಯವಾಗಿ ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಕೆಲವು ಮಾತುಗಳನ್ನು ಹೇಳಲಿಚ್ಛಿಸುತ್ತೇವೆ. ಇದಕ್ಕೆ ಕಾರಣವಾದದ್ದು ಒಂದು ಮಗುವಿನ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಎರಡು ವಾರ ಶಾಲೆಗೆ ಬರಲಿಲ್ಲ. ಆಕೆಯ ತಂದೆ ರಾತ್ರಿ ಮೋಟಾರು ಸೈಕಲಿನಲ್ಲಿ ಊರಿಗೆ ಹಿಂತಿರುಗುವಾಗ, ಮಾವಿನ ಪೆಟ್ಟಿಗೆಗಳನ್ನು ಹೇರಿಕೊಂಡು ದಾರಿಯ ಅಂಚಿನಲ್ಲಿ ನಿಂತಿದ್ದ ಟ್ರಾಕ್ಟರಿನ ಹಿಂಬಂಡಿಗೆ ಡಿಕ್ಕಿ ಹೊಡೆದು ಕಾಲು ಮುರಿದುಕೊಂಡಿದ್ದರು. ಹಿಂಬಂಡಿಗೆ ದೀಪವಿರಲಿಲ್ಲ. ಆ ಬಾಲಕಿ ಹಿಂತಿರುಗಿದ ದಿನ ನಮ್ಮನ್ನು ಕೇಳಿದಳು: “ಬಂಡಿ ನಿಂತೇ ಇತ್ತಲ್ಲ, ಅಪ್ಪನ ಗಾಡಿಗೆ ದೀಪವೂ ಇತ್ತಲ್ಲ, ಆದರೂ ಅಪ್ಪನಿಗೆ ಯಾಕೆ ನಿಲ್ಲಿಸಲಾಗಲಿಲ್ಲ?” ಆ ದಿವಸ ನಾವು ಸಮಾಧಾನದ ಮಾತನ್ನಷ್ಟೇ ಹೇಳಿದೆವು. ಸರಿಯಾದ ಉತ್ತರವು ಇಲ್ಲಿದೆ.

ಮೊದಲು ನಮ್ಮ ದಾರಿಗಳ ಸ್ಥಿತಿಯನ್ನು ನೋಡೋಣ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಮೇಲೆ ಹಾದು ನಂಗಲಿಯ ಆಚೆ ಆಂಧ್ರ ದೇಶವನ್ನು ಸೇರುವ ಹೆದ್ದಾರಿಯು ಮೊದಲು 4ನೆಯ ಸಂಖ್ಯೆಯದಾಗಿತ್ತು. ಈಗ ಅದು 75ನೆಯ ರಾಷ್ಟ್ರೀಯ ಹೆದ್ದಾರಿ. ನರಸಾಪುರ, ವೇಮಗಲ್ಲುಗಳ ಕಾರ್ಖಾನೆಗಳಿಂದ ಉದ್ದನೆಯ ಲಾರಿಗಳು ಈ ದಾರಿಗೆ ಬಂದು ಕೂಡುತ್ತವೆ. ಮಾಲೂರಿನ ಕಡೆಯಿಂದ ಇಟ್ಟಿಗೆ, ಹೆಂಚುಗಳ ಹೊರೆ ಬರುತ್ತದೆ. ಬೇಸಗೆಯ ಕೊನೆಗೆ ಶ್ರೀನಿವಾಸಪುರದ ಮಾವು ಇಳಿಯಲಾರಂಭಿಸಿದರೆ ಹಗಲೂ ರಾತ್ರಿಯೂ ಬಂಡಿಗಳಿಗೆ ಬಿಡುವಿಲ್ಲ. ಕೋಲಾರದ ಟೊಮೇಟೊ ಮಾರುಕಟ್ಟೆಯ ಮಾತಂತೂ ಹೇಳಬೇಕಾದುದೇ ಇಲ್ಲ. ಅಲ್ಲಿನ ಒಂದು ಪೆಟ್ಟಿಗೆಗೆ 15 ಕಿಲೋ ತೂಕವೆಂದು ಲೆಕ್ಕವಿಟ್ಟರೆ, ಸಾವಿರ ಪೆಟ್ಟಿಗೆ ಹೇರಿದ ಲಾರಿಯ ಮೇಲೆ ಹಣ್ಣಿನ ಭಾರವೇ 15 ಟನ್ನಾಗುತ್ತದೆ. ಈ ಬಂಡಿಗಳನ್ನು ಪೀಡೆಯೆಂದು ಬೈಯುವವರುಂಟು. ಅದು ಸರಿಯಲ್ಲ. ನಮ್ಮ ಎಷ್ಟೋ ಮಕ್ಕಳ ಶಾಲಾ ಶುಲ್ಕವು ಆ ಬಂಡಿಗಳ ಮೇಲೆಯೇ ಪೇಟೆಗೆ ಹೋಗಿ ಹಣವಾಗಿ ಬರುತ್ತದೆಯಷ್ಟೆ. ದಾರಿಯು ಅವುಗಳದೂ ಹೌದು, ನಮ್ಮದೂ ಹೌದು.

ಈಗ ಪ್ರಶ್ನೆಗೆ ಬರೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಹೋಗುತ್ತಾನೆ. ಕಣ್ಣು ಕಂಡದ್ದನ್ನು ಮನಸ್ಸು ಗ್ರಹಿಸಿ ಕೈಕಾಲುಗಳು ಬ್ರೇಕನ್ನು ಒತ್ತುವುದಕ್ಕೆ ಒಂದೂವರೆ ಸೆಕೆಂಡಾದರೂ ಬೇಕು. ಅಷ್ಟರಲ್ಲಿಯೇ 25 ಮೀಟರು ಕಳೆದುಹೋಗಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಹಿಡಿದ ಮೇಲೆ ನಿಲ್ಲುವುದಕ್ಕೆ ಇನ್ನು 23 ಮೀಟರು ಬೇಕಾಗುತ್ತದೆ. ಒಟ್ಟು 48 ಮೀಟರಾಯಿತು. ಎದುರಿನವರ ಕಣ್ಣು ಕುಕ್ಕದಂತೆ ತಗ್ಗಿಸಿದ ದೀಪದ ಬೆಳಕು ಬೀಳುವುದು ಸುಮಾರು 40 ಮೀಟರು ದೂರಕ್ಕೆ ಎಂದಿಟ್ಟುಕೊಳ್ಳೋಣ. ಹಾಗಾದರೆ ಅಪ್ಪನು ಬಂಡಿಯನ್ನು ಕಂಡ ಕ್ಷಣದಲ್ಲಿಯೇ ಕಾಲ ಮೀರಿಹೋಗಿತ್ತು. ಅವರ ಕೈ ತಪ್ಪಲಿಲ್ಲ, ಕಣ್ಣೂ ತಪ್ಪಲಿಲ್ಲ. ಬೆಳಕಿಗಿಂತ ವೇಗವು ಮುಂದಾಗಿತ್ತು.

ಇದೇ ಲೆಕ್ಕವನ್ನು 40 ಕಿಲೋಮೀಟರು ವೇಗಕ್ಕೆ ಮಾಡಿ ನೋಡಿರಿ. ಯೋಚನೆಗೆ 17 ಮೀಟರು, ಬ್ರೇಕಿಗೆ 10 ಮೀಟರು, ಒಟ್ಟು 27 ಮೀಟರು. ಬಂಡಿಯ ಹಿಂದೆ ಇನ್ನೂ ಹದಿಮೂರು ಮೀಟರು ಜಾಗವಿರುವಂತೆಯೇ ಗಾಡಿ ನಿಲ್ಲುತ್ತಿತ್ತು. ವೇಗವು ಇಮ್ಮಡಿಯಾದರೆ ಬ್ರೇಕಿಗೆ ಬೇಕಾದ ದೂರವು ನಾಲ್ಮಡಿಯಾಗುತ್ತದೆ ಎಂಬುದನ್ನು ವಿಜ್ಞಾನದ ಪಾಠದಲ್ಲಿ ಓದಿದವರು ನೆನೆಯಬಹುದು. ಆದುದರಿಂದ ರಾತ್ರಿಯ ಪ್ರಯಾಣಕ್ಕೆ ನಾವು ಹೇಳುವ ಸೂತ್ರವು ಇಷ್ಟೇ: ನಿಮ್ಮ ದೀಪ ತೋರಿಸುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ನಿಮ್ಮ ವೇಗವಾಗಿರಲಿ.

ಹಗಲಿನ ಅಪಾಯವು ಬೇರೆ ರೀತಿಯದು. ಗಂಟೆಗೆ 25 ಕಿಲೋಮೀಟರಿನಂತೆ ಸಾಗುವ ಟ್ರಾಕ್ಟರಿನ ಹಿಂದೆ ಸಿಕ್ಕಿದವರಿಗೆ ತಾಳ್ಮೆ ಬೇಗನೆ ತೀರುತ್ತದೆ. ಮುಂದೆ ಹೋಗಬಹುದು, ತಪ್ಪಲ್ಲ. ಆದರೆ ಎಷ್ಟು ದಾರಿ ಬೇಕೆಂಬುದನ್ನು ತಿಳಿದಿರಬೇಕು. ನೀವು 50 ಕಿಲೋಮೀಟರು ವೇಗದಲ್ಲಿ ಹೋದರೂ ಟ್ರಾಕ್ಟರನ್ನೂ ಅದರ ಹಿಂಬಂಡಿಯನ್ನೂ ದಾಟಿ, ಮುಂದೆ ಸಾಕಷ್ಟು ಎಡೆಬಿಟ್ಟು ಎಡಕ್ಕೆ ಬರುವುದಕ್ಕೆ ಸುಮಾರು ಆರು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನೀವು 83 ಮೀಟರು ಹೋಗಿರುತ್ತೀರಿ. ಎದುರಿನಿಂದ ಅದೇ ವೇಗದಲ್ಲಿ ಬರುವ ಬಸ್ಸು ಸಹ 83 ಮೀಟರು ಬಂದಿರುತ್ತದೆ. ಆದುದರಿಂದ ಮುಂದೆ 170 ಮೀಟರಿಗೆ ಕಡಿಮೆಯಿಲ್ಲದಂತೆ ದಾರಿಯು ಬರಿದಾಗಿ ಕಾಣದಿದ್ದರೆ ಹಿಂದೆಯೇ ಉಳಿಯತಕ್ಕದ್ದು. ತಿರುವಿನಲ್ಲಿಯೂ, ದಿಣ್ಣೆಯ ನೆತ್ತಿಯಲ್ಲಿಯೂ, ಸೇತುವೆಯ ಮೇಲೂ ಅಷ್ಟು ದೂರ ಎಂದಿಗೂ ಕಾಣುವುದಿಲ್ಲ. ಎಡಗಡೆಯಿಂದ ನುಸುಳುವುದಂತೂ ಸರ್ವಥಾ ಕೂಡದು.

ಯಾಕೆ ಕೂಡದು? ಎತ್ತರದ ಪೀಠದಲ್ಲಿ ಕುಳಿತ ಲಾರಿಯ ಚಾಲಕನಿಗೆ ತನ್ನ ಎಡ ಮಗ್ಗುಲಿನಲ್ಲಿಯೂ, ಬೆನ್ನ ಹಿಂದೆಯೂ, ಮೂತಿಯ ಕೆಳಗೂ ಇರುವುದು ಕಾಣದು. ಅವನ ಕನ್ನಡಿಯಲ್ಲಿ ಅವನ ಮುಖವು ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುವುದಿಲ್ಲವೆಂದೇ ತಿಳಿಯಿರಿ. ಇದಲ್ಲದೆ ಉದ್ದನೆಯ ಲಾರಿಯು ಎಡಕ್ಕೆ ತಿರುಗುವ ಮೊದಲು ಬಲಕ್ಕೆ ಸರಿಯುವುದುಂಟು. ಜಾಗ ಬಿಟ್ಟನೆಂದು ಭಾವಿಸಿ ಸೈಕಲಿನ ಹುಡುಗಿ ಎಡಕ್ಕೆ ಹೊಕ್ಕರೆ, ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡನ್ನು ಬಿಟ್ಟು ಒಳಗೊಳಗೇ ಎಳೆದುಬಂದು ಆಕೆಯನ್ನು ಅಂಚಿಗೆ ಒತ್ತುತ್ತವೆ. 2006-07ರಿಂದ ಹಲವು ವರ್ಷಗಳ ಕಾಲ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲು ಹಂಚಿದಾಗ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳಿಗೆ ಶಾಲೆಯ ದಾರಿ ಹತ್ತಿರವಾಯಿತು. ಸೈಕಲನ್ನು ಕೊಟ್ಟಂತೆಯೇ ಈ ಒಂದು ಪಾಠವನ್ನೂ ಮಗಳಿಗೆ ಕೊಡುವುದು ತಾಯಿತಂದೆಗಳ ಕರ್ತವ್ಯ. ನಡೆದು ಬರುವ ಮಕ್ಕಳು, ಕಾಲುದಾರಿಯಿಲ್ಲದ ಕಡೆ, ಎದುರು ಬರುವ ಬಂಡಿಗಳು ಕಣ್ಣಿಗೆ ಬೀಳುವಂತೆ ಬಲ ಅಂಚಿನಲ್ಲಿ ಸಾಲಾಗಿ ನಡೆಯಲಿ.

ಭಾರದ ವಿಷಯವನ್ನೂ ಹೇಳಬೇಕು. 2018ರಲ್ಲಿ ಕೇಂದ್ರ ಸರ್ಕಾರವು ಮೂರು ಅಚ್ಚುಗಳ ಲಾರಿಗೆ ಹೊರೆಯೂ ಸೇರಿ ಇದ್ದ 25 ಟನ್ನಿನ ಮಿತಿಯನ್ನು 28.5 ಟನ್ನಿಗೆ ಏರಿಸಿತು. ಇಬ್ಬರು ಕುಳಿತ ಮೋಟಾರು ಸೈಕಲಿನ ತೂಕವು ಕಾಲು ಟನ್ನು. ನೂರು ಪಾಲಿಗಿಂತ ಹೆಚ್ಚಾದ ಈ ಭಾರವು ಮನಸ್ಸು ಬಂದ ಕ್ಷಣದಲ್ಲಿ ನಿಲ್ಲತಕ್ಕದ್ದಲ್ಲ. ಲಾರಿಯ ಮುಂದೆ ಕಾಣುವ ಬರಿಯ ಜಾಗವು ಚಾಲಕನು ನಿಲ್ಲಿಸುವುದಕ್ಕಾಗಿ ಉಳಿಸಿಕೊಂಡಿರುವ ಜಾಗ. ಅದರೊಳಗೆ ನುಗ್ಗಿ ಬ್ರೇಕು ಹಿಡಿಯುವವನು ತನ್ನ ಪ್ರಾಣವನ್ನು ಪರರ ಕೈಗೆ ಕೊಟ್ಟಂತೆ.

ಇಲ್ಲಿಯವರೆಗೆ ಚಿಕ್ಕ ಗಾಡಿಯವರಿಗೆ ಹೇಳಿದೆವು. ಆದರೆ ನಮ್ಮ ಪೋಷಕರಲ್ಲಿ ಎಷ್ಟೋ ಜನರು ಟ್ರಾಕ್ಟರಿನ ಒಡೆಯರೂ ಆಗಿದ್ದಾರೆ. ಅವರಲ್ಲಿ ನಮ್ಮ ವಿಜ್ಞಾಪನೆ ಏನೆಂದರೆ: ಹಿಂಬಂಡಿಯ ಹಿಂದೆ ಎರಡು ಮೂಲೆಗಳಲ್ಲಿಯೂ ಬೆಳಕನ್ನು ಹಿಂದಿರುಗಿಸುವ ಕೆಂಪು ಬಿಲ್ಲೆಗಳನ್ನೋ ಪಟ್ಟಿಯನ್ನೋ ಅಂಟಿಸಿರಿ. ಅದರ ಮೇಲೆ ಕೂತ ಕೆಸರನ್ನು ಒರೆಸಿರಿ. ಒಳ್ಳೆಯ ದೀಪದ ಮುಂದೆ ಇದು ನೂರು ಮೀಟರಿನ ಆಚೆಯಿಂದಲೇ ಹೊಳೆಯುತ್ತದೆ. ಹೊಲದಲ್ಲಿ ಸುಲಭವಾಗಿ ತಿರುಗಲೆಂದು ಟ್ರಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕಿನ ಮೆಟ್ಟುಗಳಿರುವುದು ನಿಮಗೆ ತಿಳಿದೇ ಇದೆ. ರಸ್ತೆಗೆ ಬರುವ ಮೊದಲು ಅವೆರಡನ್ನೂ ಕೊಂಡಿಯಿಂದ ಜೋಡಿಸಿರಿ. ಇಲ್ಲವಾದರೆ ಒಂದೇ ಚಕ್ರ ಹಿಡಿದು ಬಂಡಿ ಮಗುಚುವ ಭಯವುಂಟು. ತಮಗೆ ಬ್ರೇಕಿಲ್ಲದ ಹಿಂಬಂಡಿಗಳು ಇಳಿಜಾರಿನಲ್ಲಿ ಟ್ರಾಕ್ಟರನ್ನೇ ಹಿಂದಿನಿಂದ ನೂಕುತ್ತವೆ. ಆದುದರಿಂದ ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬನ್ನಿರಿ. ರಾತ್ರಿ ಬಂಡಿ ಕೆಟ್ಟರೆ ರಸ್ತೆಯಿಂದ ಕೆಳಗಿಳಿಸಿರಿ. ಆಗದಿದ್ದರೆ ದೂರದಲ್ಲಿ ಹಿಂದೆ ದೀಪವನ್ನಾಗಲಿ ಕೆಂಪು ತ್ರಿಕೋನವನ್ನಾಗಲಿ ಇಡಿರಿ. ಬರಿಯ ಕಲ್ಲುಗಳನ್ನಿಟ್ಟು ಬಂಡಿ ಹೊರಟಾಗ ಅವನ್ನು ಅಲ್ಲಿಯೇ ಬಿಟ್ಟುಹೋಗುವುದು ಇನ್ನೊಂದು ಅಪಘಾತವನ್ನು ಬಿತ್ತಿದಂತೆ.

ಎಲ್ಲ ಎಚ್ಚರಿಕೆಯ ಮೇಲೂ ಅಪಘಾತವನ್ನು ಕಂಡರೆ ಹೆದರಿ ಹಿಂದೆಗೆಯಬೇಡಿರಿ. ಕರ್ನಾಟಕದಲ್ಲಿ 2008ರಿಂದ 108 ಸಂಖ್ಯೆಗೆ ಕರೆಮಾಡಿದರೆ ಆಂಬುಲೆನ್ಸು ಬರುತ್ತದೆ. ಗಾಯಗೊಂಡವರಿಗೆ ಸದ್ಭಾವದಿಂದ ನೆರವಾದವರನ್ನು ಹೊಣೆ ಮಾಡಕೂಡದೆಂದು 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯು ರಕ್ಷಣೆ ಕೊಟ್ಟಿದೆ.

ಆ ಬಾಲಕಿಯ ತಂದೆಯವರು ಈಗ ಕೋಲನ್ನು ಬಿಟ್ಟು ನಡೆಯುತ್ತಾರೆ. ಟ್ರಾಕ್ಟರಿನ ಒಡೆಯನು ಅದೇ ಊರಿನವನು. ಎರಡು ಮನೆಗಳಿಗೂ ಕೆಲವು ತಿಂಗಳು ಮಾತಿರಲಿಲ್ಲ. ಆ ವರ್ಷದ ಬೇಸಗೆಯ ರಜೆಗೆ ಮುಂಚೆ ಬಾಲಕಿ ತಾನೇ ಕೆಂಪು ಪಟ್ಟಿಯ ಸುರುಳಿಯೊಂದನ್ನು ಪೇಟೆಯಲ್ಲಿ ಕೊಂಡು ಅವರ ಮನೆಗೆ ಹೋದಳಂತೆ. ಒಡೆಯನು ಮಾತಾಡದೆ ಹಿಂಬಂಡಿಯನ್ನು ಒರೆಸಿಕೊಟ್ಟನು, ಈಕೆ ಅಂಟಿಸಿದಳು. ಉಳಿದ ಪಟ್ಟಿಯು ಆ ಬೀದಿಯ ಇನ್ನೆರಡು ಬಂಡಿಗಳಿಗೆ ಸಾಕಾಯಿತು. ಈ ಸಂಚಿಕೆಯನ್ನು ಓದಿ ಕೆಳಗಿಟ್ಟ ಮೇಲೆ, ನಿಮ್ಮ ಅಂಗಳದಲ್ಲಿ ನಿಂತಿರುವ ಬಂಡಿಯ ಹಿಂಭಾಗವನ್ನು ಒಮ್ಮೆ ಹೋಗಿ ನೋಡಿರೆಂದು ನಮ್ಮ ಪ್ರಾರ್ಥನೆ.