ಮರ ಕೊಯ್ಯುವ ಯಂತ್ರ ಏಕೆ ನಿಲ್ಲುತ್ತದೆ?

ಮಳೆಗಾಲಕ್ಕೆ ಮುಂಚೆ ನಮ್ಮ ಮುಂಬಯಿಯ ರಸ್ತೆಗಳಲ್ಲಿ ನಗರಪಾಲಿಕೆಯ ಕೆಲಸಗಾರರು ಮರಗಳ ಕೊಂಬೆಗಳನ್ನು ಸವರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅವರ ಕೈಯಲ್ಲಿ ಕರ್ಕಶವಾಗಿ ಕೂಗುವ ಯಂತ್ರವೊಂದು ಇರುತ್ತದೆ. ಅದೇ ಸರಪಳಿ ಗರಗಸ. ಜನರ ಬಾಯಲ್ಲಿ ಚೈನ್ ಸಾ. ಊರಿಗೆ ಹೋದಾಗ ಮಲೆನಾಡಿನ ಕಾಫಿ ತೋಟಗಳಲ್ಲಿಯೂ ಕರಾವಳಿಯ ಹಿತ್ತಿಲುಗಳಲ್ಲಿಯೂ ಇದೇ ಸದ್ದು ಕಿವಿಗೆ ಬೀಳುತ್ತದೆ.

2021ನೆಯ ಇಸವಿಯ ಮೇ 17ರಂದು ತೌಕ್ತೆ ಚಂಡಮಾರುತವು ಮುಂಬಯಿಯ ಸಮೀಪದ ಕಡಲಿನಲ್ಲಿ ಹಾದುಹೋದಾಗ ನಗರದಲ್ಲಿ ನೂರಾರು ಮರಗಳು ಉರುಳಿದವು. ಅಂಥ ದಿನ ರಸ್ತೆಗೆ ಅಡ್ಡಬಿದ್ದ ಮರದ ಆಚೆ ರೋಗಿಯನ್ನು ಹೊತ್ತ ವಾಹನವೊಂದು ಕಾಯುತ್ತಿರಬಹುದು. ಆಗ ಯಂತ್ರವು ಶಕ್ತಿಗುಂದಿ ನಿಂತು, ಎಷ್ಟು ಹಗ್ಗ ಎಳೆದರೂ ಮತ್ತೆ ಹೊರಡದಿದ್ದರೆ ಏನು ಮಾಡಬೇಕು? ಸಿಟ್ಟಿನಿಂದ ಎಳೆದೆಳೆದು ತೋಳು ಸೋಲಿಸಿಕೊಳ್ಳುವವರುಂಟು. ಕೈಗೆ ಸಿಕ್ಕಿದ ತಿರುಪನ್ನೆಲ್ಲ ತಿರುಗಿಸುವವರೂ ಉಂಟು. ಬಲ್ಲ ಮೇಸ್ತ್ರಿಯಾದರೋ ಯೋಚಿಸುತ್ತಾನೆ. ಆತನ ಯೋಚನೆಯ ಹಾದಿಯನ್ನು ಇಲ್ಲಿ ಅನುಸರಿಸಿ ನೋಡೋಣ.

ಮೊದಲು ಈ ಯಂತ್ರದ ಹುಟ್ಟನ್ನು ಸ್ವಲ್ಪ ತಿಳಿಯೋಣ. ಜರ್ಮನಿಯ ಆಂಡ್ರಿಯಾಸ್ ಷ್ಟೀಲ್ ಎಂಬ ಎಂಜಿನಿಯರು 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನು ನಿರ್ಮಿಸಿದನು; 1929ರಲ್ಲಿ ಪೆಟ್ರೋಲಿನಿಂದ ನಡೆಯುವುದನ್ನೂ ಸಿದ್ಧಪಡಿಸಿದನು. ಅದನ್ನು ಹೊರಲು ಇಬ್ಬರು ಬೇಕಾಗಿತ್ತು. ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು 1946ರಲ್ಲಿ ದುಂಬಿಯ ಮರಿಹುಳುವೊಂದು ಮರವನ್ನು ಎಡಕ್ಕೂ ಬಲಕ್ಕೂ ಕೊರೆಯುತ್ತ ಸಾಗುವುದನ್ನು ಕಂಡನು. ಅದರ ದವಡೆಗಳನ್ನು ಅನುಸರಿಸಿ ಹೊಸ ಬಗೆಯ ಹಲ್ಲುಗಳುಳ್ಳ ಸರಪಳಿಯನ್ನು ಮಾಡಿದನು. ಇಂದಿನ ಗರಗಸದ ಹಲ್ಲುಗಳು ಆ ಹುಳುವಿಗೆ ಋಣಿಯಾಗಿವೆ.

ಈಗ ಬ್ಯಾಟರಿಯಿಂದ ನಡೆಯುವ ಗರಗಸಗಳೂ ಬಂದಿವೆ. ಆದರೆ ದೊಡ್ಡ ಮರದ ಕೆಲಸಕ್ಕೆ ಪೆಟ್ರೋಲಿನ ಯಂತ್ರವೇ ಇನ್ನೂ ಹೆಚ್ಚು ಬಳಕೆಯಲ್ಲಿದೆ. ಅದರ ಎಂಜಿನು ಸಾಮಾನ್ಯವಾಗಿ ಎರಡು ಹೊಡೆತದ್ದು, ಅಂದರೆ ಟೂ ಸ್ಟ್ರೋಕ್ ಎಂಜಿನು. ಪಿಸ್ಟನ್ ಮೇಲಕ್ಕೆ ಏರುವಾಗ ತನ್ನ ಮೇಲಿರುವ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಅದುಮುತ್ತದೆ. ಅದೇ ಹೊತ್ತಿಗೆ ಕೆಳಗಿನ ಕೋಣೆಯೊಳಕ್ಕೆ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕಿಡಿ ಹಾರಿ ಮಿಶ್ರಣವು ಉರಿದಾಗ ಪಿಸ್ಟನ್ ಕೆಳಕ್ಕೆ ತಳ್ಳಲ್ಪಡುತ್ತದೆ. ಆಗ ಸುಟ್ಟ ಅನಿಲ ಹೊರಹೋಗುತ್ತದೆ. ಕೆಳಗಿನ ಹೊಸ ಮಿಶ್ರಣವು ಪಕ್ಕದ ದಾರಿಯಿಂದ ಮೇಲಕ್ಕೆ ನುಗ್ಗುತ್ತದೆ. ಇದು ನಿಮಿಷಕ್ಕೆ ಸಾವಿರಾರು ಸಲ ನಡೆಯುತ್ತದೆ. ಎಣ್ಣೆಗೆ ಇಲ್ಲಿ ಬೇರೆ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆತು ಬರುವ ಎಣ್ಣೆಯೇ ಪಿಸ್ಟನ್ನನ್ನೂ ಅದರ ಬೇರಿಂಗುಗಳನ್ನೂ ಕಾಯಬೇಕು. ಈ ಮಾತನ್ನು ನೆನಪಿನಲ್ಲಿ ಇಡೋಣ, ಮುಂದೆ ಬೇಕಾಗುತ್ತದೆ.

ಇದರಿಂದ ಎಂಜಿನಿಗೆ ಬೇಕಾದವು ಐದು ಎಂದು ತಿಳಿಯುತ್ತದೆ: ಇಂಧನ, ಗಾಳಿ, ಕಿಡಿ, ಅದುಮುವ ಒತ್ತಡ, ಹೊಗೆ ಹೊರಹೋಗುವ ದಾರಿ. ಯಂತ್ರ ನಿಂತಿತೆಂದರೆ ಇವುಗಳಲ್ಲಿ ಒಂದಾದರೂ ಕೆಟ್ಟಿರಬೇಕು. ಪರೀಕ್ಷೆಗೆ ಎರಡು ನಿಯಮಗಳುಂಟು. ಸುಲಭವಾದುದನ್ನು ಮೊದಲು ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ, ಯಂತ್ರ ಹೊರಟರೂ ದೋಷ ಎಲ್ಲಿತ್ತೆಂಬುದು ತಿಳಿಯುವುದಿಲ್ಲ.

ಒಂದು ಗರಗಸವು ಒಂದು ಗಂಟೆ ಚೆನ್ನಾಗಿ ನಡೆದು, ಬರಬರುತ್ತ ಬಲ ಕಳೆದುಕೊಂಡು, ಕಡೆಗೆ ನಿಂತಿತೆಂದು ಭಾವಿಸೋಣ. ನಿಲ್ಲಿಸುವ ಗುಂಡಿ ಸರಿಯಾದ ಕಡೆ ಇದೆಯೇ, ತೊಟ್ಟಿಯಲ್ಲಿ ಪೆಟ್ರೋಲು ಇದೆಯೇ ಎಂದು ಮೊದಲು ನೋಡಬೇಕು. ಹೀಗೆ ಹೇಳಿದರೆ ನಗು ಬರಬಹುದು. ಆದರೆ ಬಿಚ್ಚುವ ಕೆಲಸಕ್ಕೆ ಇಳಿಯುವ ಮೊದಲು ಇವನ್ನು ನೋಡಿಕೊಳ್ಳುವವನೇ ಜಾಣ. ಅನಂತರ, ಯಂತ್ರವು ತಣಿದ ಮೇಲೆ, ತೊಟ್ಟಿಯ ಮುಚ್ಚಳವನ್ನು ಸಡಿಲಿಸಿ ಮತ್ತೆ ಬಿಗಿಮಾಡಬೇಕು. ಪೆಟ್ರೋಲು ಕಡಮೆಯಾದಂತೆ ಅದರ ಜಾಗಕ್ಕೆ ಗಾಳಿ ಬರಲೆಂದು ತೊಟ್ಟಿಗೆ ಒಂದು ಸಣ್ಣ ದಾರಿ ಇರುತ್ತದೆ. ಮರದ ಪುಡಿಯಿಂದ ಅದು ಮುಚ್ಚಿಹೋದರೆ ಒಳಗೆ ಒತ್ತಡ ಕುಗ್ಗಿ ಪೆಟ್ರೋಲು ಹೊರಕ್ಕೆ ಬರಲೊಲ್ಲದು. ಬಾಟಲಿಯ ಬಾಯನ್ನು ತುಟಿಗಳಿಂದ ಮುಚ್ಚಿ ಹೀರಿದಾಗ ನೀರು ಬರಬರುತ್ತ ನಿಲ್ಲುವುದಲ್ಲವೇ? ಇದೂ ಹಾಗೆಯೇ. ಮುಚ್ಚಳ ಸಡಿಲಿಸಿದ ಮೇಲೆ ಯಂತ್ರ ಹೊರಟು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ನಿಂತರೆ, ಕಳ್ಳ ಸಿಕ್ಕಿಬಿದ್ದನೆಂದೇ ತಿಳಿಯಬೇಕು.

ಮುಂದಿನ ಸಾಕ್ಷಿ ಸ್ಪಾರ್ಕ್ ಪ್ಲಗ್ಗು. ಅದನ್ನು ಬಿಚ್ಚಿ ನೋಡಿದರೆ ಎಂಜಿನಿನ ಒಳಗಿನ ಸಮಾಚಾರ ತಿಳಿಯುತ್ತದೆ. ಹಲವು ಸಲ ಹಗ್ಗ ಎಳೆದ ಮೇಲೂ ಪ್ಲಗ್ಗು ಒಣಗಿದ್ದರೆ ಇಂಧನವು ಅಲ್ಲಿಗೆ ತಲುಪಿಲ್ಲ. ತೊಟ್ಟಿಯೊಳಗಿನ ಫಿಲ್ಟರು, ಕೊಳವೆ, ಕಾರ್ಬ್ಯುರೇಟರುಗಳ ಕಡೆ ನೋಡಬೇಕು. ಒದ್ದೆಯಾಗಿದ್ದರೆ ಇಂಧನ ಬಂದಿದೆ, ಆದರೆ ಉರಿದಿಲ್ಲ. ಕಿಡಿಯನ್ನು ಸಂಶಯಿಸಬೇಕು, ಇಲ್ಲವೇ ಚೋಕನ್ನು ಮುಚ್ಚಿಕೊಂಡೇ ಎಳೆದೆಳೆದು ಪೆಟ್ರೋಲು ತುಂಬಿಹೋಗಿರಬೇಕು. ಹಾಗೆ ತುಂಬಿದ್ದರೆ ಪ್ಲಗ್ಗನ್ನು ಒರಸಿಟ್ಟು, ಚೋಕನ್ನು ತೆರೆದು, ಕೆಲವು ಸಲ ಹಗ್ಗ ಎಳೆದು ಒಳಗಿನ ಪೆಟ್ರೋಲನ್ನು ಹೊರದೂಡಬೇಕು. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಆರೋಗ್ಯ. ಕಪ್ಪು ಮಸಿ ಹಿಡಿದಿದ್ದರೆ ಗಾಳಿ ಸಾಲದು ಅಥವಾ ಎಣ್ಣೆ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಇಂಧನ ಸಾಲದೆ ಎಂಜಿನು ಅತಿಯಾಗಿ ಕಾಯುತ್ತಿದೆ.

ಕೆಲವು ಯಂತ್ರಗಳು ತಣ್ಣಗಿರುವಾಗ ಹೊರಟು ಬಿಸಿಯಾದೊಡನೆ ನಿಲ್ಲುತ್ತವೆ. ಕಿಡಿಯನ್ನು ಹುಟ್ಟಿಸುವ ಸುರುಳಿಯು ಕಾವಿಗೆ ಕೆಲಸ ಬಿಡುವುದು ಇದಕ್ಕೆ ಒಂದು ಕಾರಣ. ಅದು ತಣಿದ ಮೇಲೆ ಮತ್ತೆ ಸರಿಹೋಗುವುದರಿಂದ, ಮರುದಿನ ಅಂಗಡಿಯಲ್ಲಿ ಪರೀಕ್ಷಿಸಿದರೆ ದೋಷ ಕಾಣಿಸದು. ನಿಂತ ಕೂಡಲೇ ಕಿಡಿಯನ್ನು ಪರೀಕ್ಷಿಸುವವನಿಗೆ ಮಾತ್ರ ಅದು ಸಿಕ್ಕುತ್ತದೆ.

ಇನ್ನು ಉಸಿರಾಟದ ಮಾತು. ಮರದ ಪುಡಿಯ ನಡುವೆಯೇ ದುಡಿಯುವ ಈ ಯಂತ್ರದ ಗಾಳಿಯ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ; ಗಾಳಿ ಕಡಮೆಯಾಗಿ ಹೊಗೆ ಹೆಚ್ಚುತ್ತದೆ, ಬಲ ತಗ್ಗುತ್ತದೆ. ಹೊಗೆ ಹೊರಹೋಗುವ ಕಡೆಯೂ ಹೀಗೆಯೇ. ಕಿಡಿಗಳು ಹೊರಗೆ ಹಾರಿ ಬೆಂಕಿ ಹತ್ತದಿರಲೆಂದು ಸೈಲೆನ್ಸರಿನಲ್ಲಿ ಒಂದು ಸಣ್ಣ ಜಾಲರಿ ಇಟ್ಟಿರುತ್ತಾರೆ. ಅದು ಮಸಿಯಿಂದ ಮುಚ್ಚಿದರೆ ಎಂಜಿನು ಹೊರಟರೂ ವೇಗವಾಗಿ ಓಡಲಾರದು. ಜಾಲರಿಯನ್ನು ಶುಚಿಮಾಡಿದೊಡನೆ ಯಂತ್ರಕ್ಕೆ ಬಲ ಮರಳುತ್ತದೆ.

ಹಳೆಯ ಪೆಟ್ರೋಲು ಮತ್ತೊಂದು ಶತ್ರು. ಮಳೆಗಾಲ ಮುಗಿದ ಮೇಲೆ ತೊಟ್ಟಿಯನ್ನು ಬರಿದು ಮಾಡದೆ ಮೂಲೆಯಲ್ಲಿ ಇಟ್ಟ ಯಂತ್ರದಲ್ಲಿ, ಬೇಗ ಆವಿಯಾಗುವ ಅಂಶ ಹಾರಿಹೋಗಿ ಅಂಟು ಉಳಿಯುತ್ತದೆ. ಅದು ಕಾರ್ಬ್ಯುರೇಟರಿನ ಕೂದಲಿನಷ್ಟು ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ನಮ್ಮ ದೇಶದಲ್ಲಿ ಈಗ ಪೆಟ್ರೋಲಿಗೆ ಎಥನಾಲನ್ನು ಬೆರೆಸುತ್ತಾರೆ. ಎಥನಾಲು ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ನೀರು ಹೆಚ್ಚಾದರೆ ಅದೂ ಎಥನಾಲೂ ಕೂಡಿ ಬೇರೆ ಪದರವಾಗಿ ತಳಕ್ಕೆ ಇಳಿಯುತ್ತವೆ. ಇಂಧನವನ್ನು ಹೀರುವ ಕೊಳವೆಯ ಬಾಯಿಯೂ ತಳದಲ್ಲೇ ಇರುತ್ತದೆ! ಆದುದರಿಂದ ತಿಂಗಳುಗಟ್ಟಲೆ ಇಟ್ಟ ಪೆಟ್ರೋಲನ್ನು ಚೆಲ್ಲಲು ಮನಸ್ಸು ಬಾರದೆ ಯಂತ್ರಕ್ಕೆ ಹಾಕುವುದು ಉಳಿತಾಯವಲ್ಲ.

ಇಷ್ಟು ದೋಷಗಳೂ ಸಣ್ಣವು. ದೊಡ್ಡದೊಂದುಂಟು. ಇಂದಿನ ಬಹಳಷ್ಟು ಗರಗಸಗಳಿಗೆ ಐವತ್ತು ಭಾಗ ಪೆಟ್ರೋಲಿಗೆ ಒಂದು ಭಾಗ ಎಣ್ಣೆಯನ್ನು ಬೆರೆಸಬೇಕೆಂದು ತಯಾರಕರು ಹೇಳುತ್ತಾರೆ; ಅಂದರೆ ಒಂದು ಲೀಟರಿಗೆ 20 ಮಿಲಿಲೀಟರು, ಐದು ಲೀಟರಿಗೆ 100 ಮಿಲಿಲೀಟರು. ಅವಸರದಲ್ಲಿ ಬರಿಯ ಪೆಟ್ರೋಲನ್ನು ತುಂಬಿದರೆ ಯಂತ್ರ ಹೊರಡುತ್ತದೆ, ಮೊದಮೊದಲು ಚೆನ್ನಾಗಿಯೇ ನಡೆಯುತ್ತದೆ. ಆದರೆ ಒಳಗೆ ಎಣ್ಣೆಯಿಲ್ಲದೆ ಲೋಹವು ಲೋಹವನ್ನು ಉಜ್ಜುತ್ತಿರುತ್ತದೆ. ಬಲ ತಗ್ಗುವುದೇ ಅದರ ಕೂಗು. ಆ ಕೂಗನ್ನು ಕೇಳದೆ ಇನ್ನೂ ವೇಗ ಕೊಟ್ಟರೆ ಪಿಸ್ಟನ್ ಗೀರುಬಿದ್ದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅನಂತರ ಹಗ್ಗವು ಅಲುಗದು. ಅಲುಗಿದರೂ ಒತ್ತಡದ ತಡೆ ಕೈಗೆ ಸಿಕ್ಕದೆ ಸಡಿಲವಾಗಿ ಬರುತ್ತದೆ. ಸೈಲೆನ್ಸರನ್ನು ಕಳಚಿ ನೋಡಿದರೆ ಪಿಸ್ಟನ್ನಿನ ಮೈಮೇಲಿನ ಗೀರುಗಳು ಕಾಣುತ್ತವೆ. ಇಪ್ಪತ್ತು ಮಿಲಿಲೀಟರು ಎಣ್ಣೆಯ ಅಲಕ್ಷ್ಯಕ್ಕೆ ಇಡೀ ಎಂಜಿನನ್ನೇ ತೆರಬೇಕಾಗುತ್ತದೆ.

ಎಂಜಿನಿನಲ್ಲಿ ಯಾವ ದೋಷವೂ ಇಲ್ಲದೆ ಬಲ ಕಡಮೆಯಾದಂತೆ ತೋರುವುದೂ ಉಂಟು. ಹಲ್ಲು ಮೊಂಡಾದರೆ ಗರಗಸವು ಮರದೊಳಕ್ಕೆ ತಾನಾಗಿ ಇಳಿಯದು. ಕೆಲಸಗಾರನು ಅದುಮಬೇಕಾಗುತ್ತದೆ, ಎಂಜಿನು ಏದುತ್ತದೆ. ಕೆಳಗೆ ಬೀಳುವುದನ್ನು ನೋಡಿದರೆ ಸಾಕು. ಚೂಪಾದ ಹಲ್ಲು ಚಕ್ಕೆಗಳನ್ನು ಉದುರಿಸುತ್ತದೆ. ಮೊಂಡಾದದ್ದು ಹಿಟ್ಟಿನಂಥ ಪುಡಿಯನ್ನು ಉದುರಿಸುತ್ತದೆ. ಸರಪಳಿಗೆ ಎಣ್ಣೆ ಸಾಲದಿದ್ದರೂ, ಅದನ್ನು ತಡೆಯುವ ಬ್ರೇಕು ಅರೆಬರೆ ಹಿಡಿದಿದ್ದರೂ ಹೀಗೆಯೇ ಆಗುತ್ತದೆ.

ವಿದ್ಯಾರ್ಥಿ ಮಿತ್ರರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಈ ಯಂತ್ರವು ಕ್ಷಣಮಾತ್ರದಲ್ಲಿ ಕೈಕಾಲುಗಳನ್ನು ಕತ್ತರಿಸಬಲ್ಲದು. ಪೆಟ್ರೋಲಿನ ಆವಿಯ ಬಳಿ ಹಾರಿದ ಒಂದು ಕಿಡಿ ಮೈಯನ್ನು ಸುಡಬಲ್ಲದು. ಇಲ್ಲಿ ಹೇಳಿದ ಪರೀಕ್ಷೆಗಳು ಕಲಿತ ಹಿರಿಯರ ಕೆಲಸ. ದೂರ ನಿಂತು ನೋಡುವುದೂ ಪ್ರಶ್ನೆ ಕೇಳುವುದೂ ನಮ್ಮ ಕೆಲಸ.

ಆದರೆ ಪರೀಕ್ಷಿಸುವ ಕ್ರಮವು ಎಲ್ಲರದೂ ಆಗಬಹುದು. ನಿಂತ ಸೈಕಲ್ಲಿಗೂ, ಉರಿಯದ ದೀಪಕ್ಕೂ, ಉತ್ತರ ತಪ್ಪಿದ ಲೆಕ್ಕಕ್ಕೂ ಅದೇ ಕ್ರಮ ಸಲ್ಲುತ್ತದೆ. ಏನೇನು ಬೇಕೆಂದು ಎಣಿಸಿಕೊಳ್ಳಬೇಕು, ಒಂದೊಂದನ್ನೇ ನೋಡಬೇಕು, ಕಂಡ ಸಾಕ್ಷಿಯನ್ನು ನಂಬಬೇಕು. ರಸ್ತೆಯಲ್ಲಿ ಬಿದ್ದ ಮರದ ಬಳಿ ಯಂತ್ರವನ್ನು ಬಿಚ್ಚಿಕೊಂಡು ಕುಳಿತ ಕೆಲಸಗಾರನನ್ನು ಇನ್ನು ಮುಂದೆ ಕಂಡಾಗ, ಆತನು ಹೊತ್ತು ಕಳೆಯುತ್ತಿದ್ದಾನೆಂದು ನಾವು ಭಾವಿಸದಿರೋಣ. ದಾರಿ ಬೇಗ ತೆರೆಯಲೆಂದೇ ಆತನು ಅಲ್ಲಿ ನಿಧಾನವಾಗಿ ಯೋಚಿಸುತ್ತಿರುತ್ತಾನೆ.