ಹೊಸ ಹೊಂಡಗಳಲ್ಲಿ ಹಾವಸೆಯ ಬಾಧೆ: ಅದನ್ನು ಗುರುತಿಸುವ ಮತ್ತು ಹತೋಟಿಯಲ್ಲಿಡುವ ಕ್ರಮ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಒಕ್ಕಲುತನಕ್ಕೆ ಘಟಪ್ರಭಾ ನದಿಯ ನೀರೇ ಜೀವಾಳವಾಗಿರುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧೂಪದಾಳದ ಹತ್ತಿರ ಕಟ್ಟಲ್ಪಟ್ಟ ಒಡ್ಡಿನಿಂದಲೂ, ೧೯೭೭ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯದಿಂದಲೂ ಕಬ್ಬಿನ ಬೆಳೆಯು ವಿಸ್ತಾರವಾಯಿತು. ಆದರೆ ನೀರು ಸರಿಯಾಗಿ ಬಸಿದುಹೋಗದ ಕರಿಭೂಮಿಗಳಲ್ಲಿ ಅದೇ ನೀರು ಸವಳು-ಜವಳುಗಳಿಗೂ ಕಾರಣವಾಯಿತು. ಕಾಲುವೆಯು ಮುಟ್ಟದ ಹೊಲಗಳಲ್ಲಿ ಮಳೆಯ ನೀರನ್ನು ಹಿಡಿದಿಡುವುದಕ್ಕಾಗಿ ಹೊಂಡ ತೋಡಿಸುವ ರೂಢಿಯು ೨೦೧೪ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ತರುವಾಯ ರಾಜ್ಯದಲ್ಲಿ ಹೆಚ್ಚಿತು. ಇಂತಹ ಹೊಸ ಹೊಂಡವು ತುಂಬಿದ ಕೆಲವು ವಾರಗಳಲ್ಲಿಯೇ ಹಾವಸೆಯು ಮುಸುಕಿ, ಹನಿ ನೀರಾವರಿಯ ಕೊಳವೆಗಳು ಕಟ್ಟಿಕೊಳ್ಳುವುದೂ, ಮೀನುಗಳು ಸಾಯುವುದೂ, ಕೆಲವು ವೇಳೆ ದನಕರುಗಳ ಪ್ರಾಣಕ್ಕೇ ಅಪಾಯ ಒದಗುವುದೂ ಉಂಟು.

ಹಾವಸೆಯು ಬೆಳೆಯಲು ಕಾರಣ

ಹಾವಸೆಗೆ ಬೇಕಾದುವು ನೀರು, ಬಿಸಿಲು ಮತ್ತು ಗೊಬ್ಬರದ ಅಂಶಗಳು, ಅದರಲ್ಲಿಯೂ ಸಾರಜನಕ ಮತ್ತು ರಂಜಕ. ಕಬ್ಬಿಗೆ ಹಾಕಿದ ಯೂರಿಯಾ ಮತ್ತು ಡಿ.ಎ.ಪಿ.ಗಳು ಮಳೆಯ ನೀರಿನೊಡನೆ ಹರಿದು ಹೊಂಡವನ್ನು ಸೇರುತ್ತವೆ. ದನಗಳು ಹೊಂಡಕ್ಕೆ ಇಳಿದರೆ ಸಗಣಿ-ಗಂಜಲಗಳೂ ಕೂಡುತ್ತವೆ. ಹಳೆಯ ಕೆರೆಯಲ್ಲಿ ಈ ಅಂಶಗಳನ್ನು ನೀರುಗಿಡಗಳೂ ಸೂಕ್ಷ್ಮಜೀವಿಗಳೂ ಹಂಚಿಕೊಳ್ಳುತ್ತವೆ. ಹೊಸ ನೀರಿನಲ್ಲಿ ಆ ಪಾಲುಗಾರರು ಇನ್ನೂ ನೆಲೆಗೊಂಡಿರುವುದಿಲ್ಲವಾದುದರಿಂದ ಹಾವಸೆಯೊಂದೇ ಎಲ್ಲವನ್ನೂ ಉಂಡು ಹಬ್ಬುವುದು. ಪಟ್ಟಣಗಳಲ್ಲಿ ಗಾಜಿನ ತೊಟ್ಟಿಯೊಳಗೆ ಉಪ್ಪುನೀರು ತುಂಬಿ ಸಮುದ್ರದ ಮೀನುಗಳನ್ನು ಸಾಕುವವರೂ ಇದೇ ಸಂಗತಿಯನ್ನು ಕಾಣುವರು: ಮೊದಲು ಕಂದು ಬಣ್ಣದ ಲೇಪ, ಆಮೇಲೆ ಹಸುರು ನೂಲು, ತೊಟ್ಟಿಯು ಹಳತಾದಂತೆ ಬಾಧೆ ಕಡಿಮೆ. ಆದ್ದರಿಂದ ಮೊದಲನೆಯ ವರ್ಷದ ಹಾವಸೆಯನ್ನು ಕಂಡೊಡನೆ ವಿಷವನ್ನು ಸುರಿಯಲು ಆತುರಪಡಬಾರದು.

ಗುರುತಿಸುವ ಕ್ರಮ

ಕಂದು ಹಾವಸೆ: ಕಲ್ಲು, ಹಾಳೆ ಮೊದಲಾದವುಗಳ ಮೇಲೆ ಜಾರುವ ಲೇಪದಂತೆ ಕೂಡುವುದು, ಬೆರಳಿನಿಂದ ಒರಸಿದರೆ ಹೋಗುವುದು. ಇದು ನಿರಪಾಯವಾದುದು.

ನೂಲು ಹಾವಸೆ: ಕೋಲಿನಿಂದ ಎತ್ತಿದರೆ ಕೂದಲಿನಂತೆ ಜೋತುಬೀಳುವುದು. ಮೊದಲು ತಳದಲ್ಲಿ ಬೆಳೆದು, ಬಿಸಿಲೇರಿದಾಗ ಗಾಳಿಯ ಗುಳ್ಳೆಗಳಿಂದ ಮೇಲೆ ತೇಲಿಬರುವುದು. ಪಂಪಿನ ಜಾಲರಿಗೆ ತೊಡಕಾಗುವುದು ಇದೇ.

ಒರಟು ಹಾವಸೆ: ಸುಣ್ಣದ ಅಂಶವು ಹೆಚ್ಚಾದ ಗಡಸು ನೀರಿನಲ್ಲಿ ಗಿಡದಂತೆ ತಳದಲ್ಲಿ ನಿಲ್ಲುವುದು. ಕೈಗೆ ಒರಟಾಗಿ ಹತ್ತುವುದು. ಹಿಸುಕಿದರೆ ಬೆಳ್ಳುಳ್ಳಿಯಂತಹ ವಾಸನೆ ಬರುವುದು.

ನೀಲಿ-ಹಸುರು ಹಾವಸೆ: ಎಲ್ಲಕ್ಕಿಂತ ಭಯಂಕರವಾದುದು ಇದು. ನೀರಿನ ಮೇಲೆ ಹಸುರು ಬಣ್ಣವನ್ನು ಸುರಿದಂತೆ ಕೆನೆಗಟ್ಟಿ, ಗಾಳಿ ಬೀಸಿದ ಕಡೆಯ ದಂಡೆಗೆ ಸೇರುವುದು. ಕೋಲನ್ನು ಅದ್ದಿದರೆ ನೂಲಾಗಿ ಬಾರದೆ ಬಣ್ಣದಂತೆ ಅಂಟುವುದು. ಸಂಶಯವಿದ್ದಲ್ಲಿ ಗಾಜಿನ ಭರಣಿಯಲ್ಲಿ ಮುಕ್ಕಾಲು ಪಾಲು ನೀರು ತುಂಬಿ ಒಂದು ರಾತ್ರಿ ಅಲುಗಿಸದೆ ಇಡತಕ್ಕದ್ದು. ಬೆಳಿಗ್ಗೆ ಹಸುರು ಮೇಲಕ್ಕೆ ತೇಲಿ ಕೂಡಿದ್ದರೆ ನೀಲಿ-ಹಸುರು ಹಾವಸೆಯೆಂದೂ, ತಳಕ್ಕಿಳಿದಿದ್ದರೆ ಸಾಧಾರಣ ಹಸುರು ಹಾವಸೆಯೆಂದೂ ಬಹುಮಟ್ಟಿಗೆ ತಿಳಿಯಬಹುದು. ಈ ನೀರನ್ನು ಬರಿಗೈಯಿಂದ ಮುಟ್ಟಬಾರದು.

ನೀಲಿ-ಹಸುರು ಹಾವಸೆಯ ಕೆಲವು ಜಾತಿಗಳು ಯಕೃತ್ತಿಗೂ ನರಗಳಿಗೂ ವಿಷವನ್ನು ಉಂಟುಮಾಡುವುವು. ಅಂತಹ ನೀರನ್ನು ಕುಡಿದ ದನ, ಕುರಿ, ನಾಯಿಗಳು ನಿಶ್ಶಕ್ತವಾಗಿ ತೂರಾಡಿ, ಕೆಲವೇ ತಾಸುಗಳಲ್ಲಿ ಸಾಯುವ ಸಂಭವವಿದೆ. ಕೆನೆಯು ಕಂಡ ದಿನವೇ ಹೊಂಡಕ್ಕೆ ಮುಳ್ಳುಬೇಲಿ ಹಾಕಿ, ದನಗಳಿಗೆ ಬೇರೆ ನೀರಿನ ಏರ್ಪಾಡು ಮಾಡಿ, ರೋಗದ ಚಿಹ್ನೆ ತೋರಿದರೆ ಪಶುವೈದ್ಯರಿಗೆ ತಡವಿಲ್ಲದೆ ತಿಳಿಸತಕ್ಕದ್ದು. ನೀರನ್ನು ಕುದಿಸಿದ ಮಾತ್ರದಿಂದ ಈ ವಿಷವು ಹೋಗುವುದಿಲ್ಲ.

ಹತೋಟಿಯ ಉಪಾಯಗಳು

ಮೊದಲನೆಯದಾಗಿ, ಗೊಬ್ಬರವು ಹೊಂಡಕ್ಕೆ ಬಾರದಂತೆ ತಡೆಯಬೇಕು. ನೀರು ಒಳಬರುವ ಬದಿಯಲ್ಲಿ ಹೂಳು ನಿಲ್ಲಲು ಚಿಕ್ಕ ಗುಂಡಿಯನ್ನೂ, ಅದರ ಮುಂದೆ ಗರಿಕೆ ಹುಲ್ಲಿನ ಪಟ್ಟಿಯನ್ನೂ ಇಡುವುದು ಹಿತಕರ. ಮಳೆಯ ಸೂಚನೆಯಿರುವಾಗ ಮೇಲುಗೊಬ್ಬರವನ್ನು ಹಾಕಬಾರದು. ದನಗಳಿಗೆ ಹೊಂಡದ ಹೊರಗೆ ಬಾನಿಯನ್ನು ಕಟ್ಟಿಸಿ ನೀರುಣಿಸತಕ್ಕದ್ದು.

ಎರಡನೆಯದಾಗಿ, ನೂಲು ಹಾವಸೆಯನ್ನು ಕೈಯಿಂದಲೇ ತೆಗೆಯುವುದು ಉತ್ತಮ. ಇಬ್ಬರು ಆಳುಗಳು ಎರಡು ದಂಡೆಗಳಲ್ಲಿ ನಿಂತು ದಪ್ಪ ನಾರಿನ ಹಗ್ಗವನ್ನು ಎಳೆದರೆ ಹಾವಸೆಯು ಒಂದೆಡೆ ಕೂಡುವುದು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಹಲ್ಲಿನ ಕುಂಟೆಯನ್ನು ಉಪಯೋಗಿಸಬಾರದು. ತೆಗೆದ ಹಾವಸೆಯನ್ನು ಅದರ ರಸವು ಮರಳಿ ಹೊಂಡಕ್ಕೆ ಹರಿಯದಷ್ಟು ದೂರದ ತಿಪ್ಪೆಗೆ ಹಾಕಿದರೆ ಒಳ್ಳೆಯ ಗೊಬ್ಬರವಾಗುವುದು.

ಮೂರನೆಯದಾಗಿ, ಮೀನು ಸಾಕುವವರು ಹುಲ್ಲುಗೆಂಡೆಯನ್ನು ಬಿಡಬಹುದು. ಅದು ಮೆದುವಾದ ನೀರುಗಿಡಗಳನ್ನೂ ಕೆಲಮಟ್ಟಿಗೆ ನೂಲು ಹಾವಸೆಯನ್ನೂ ತಿನ್ನುವುದು. ಆದರೆ ಮೀನಿಗೆ ಹಾಕುವ ಹಿಂಡಿ-ತೌಡುಗಳು ಹೆಚ್ಚಾದರೆ ಅವೂ ಹಾವಸೆಗೇ ಆಹಾರವಾಗುವುವು.

ಮೈಲುತುತ್ತದ ವಿಷಯದಲ್ಲಿ ಎಚ್ಚರಿಕೆ

ಮೈಲುತುತ್ತವು ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ. ಅದರ ಪ್ರಮಾಣವು ನೀರಿನ ಕ್ಷಾರತೆಯನ್ನು ಅವಲಂಬಿಸಿರುವುದರಿಂದ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಿ, ನೀರಿನ ಪರೀಕ್ಷೆ ಮಾಡಿಸಿಕೊಂಡೇ ಮುಂದುವರಿಯತಕ್ಕದ್ದು. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬಂದ ಕ್ಷಾರತೆಯನ್ನು ೧೦೦ರಿಂದ ಭಾಗಿಸಿದರೆ, ಒಂದು ಘನ ಮೀಟರ್ ನೀರಿಗೆ ಬೇಕಾದ ಮೈಲುತುತ್ತದ ಗ್ರಾಂ ದೊರೆಯುವುದು. ಉದಾಹರಣೆಗೆ, ನಡುಮಟ್ಟದಲ್ಲಿ ೧೦ ಮೀಟರ್ ಉದ್ದ, ೧೦ ಮೀಟರ್ ಅಗಲ, ಸರಾಸರಿ ೨ ಮೀಟರ್ ಆಳವುಳ್ಳ ಹೊಂಡದಲ್ಲಿ ೨೦೦ ಘನ ಮೀಟರ್ ನೀರಿರುವುದು. ಕ್ಷಾರತೆಯು ೧೫೦ ಇದ್ದರೆ ಒಟ್ಟು ೩೦೦ ಗ್ರಾಂ ಬೇಕಾಗುವುದು. ಕ್ಷಾರತೆಯು ೫೦ಕ್ಕಿಂತ ಕಡಿಮೆಯಿದ್ದರೆ ಮೀನುಗಳು ಸಾಯುವುದರಿಂದ ಇದನ್ನು ಹಾಕಲೇಬಾರದು.

ಹಾವಸೆಯೆಲ್ಲವೂ ಒಮ್ಮೆಗೇ ಸತ್ತು ಕೊಳೆತರೆ ನೀರಿನಲ್ಲಿಯ ಆಮ್ಲಜನಕವು ತೀರಿಹೋಗಿ, ಮೀನುಗಳು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆಯುತ್ತ ಸಾಯುವುವು. ಆದ್ದರಿಂದ ಹೊಂಡದ ಮೂರನೆಯ ಒಂದು ಪಾಲಿಗೆ ಮಾತ್ರ ಹಾಕಿ, ಹತ್ತು-ಹದಿನೈದು ದಿನಗಳ ತರುವಾಯ ಮತ್ತೊಂದು ಪಾಲಿಗೆ ಹಾಕತಕ್ಕದ್ದು. ನೀಲಿ-ಹಸುರು ಹಾವಸೆಯನ್ನು ಮೈಲುತುತ್ತದಿಂದ ಕೊಂದರೆ ಅದರೊಳಗಿನ ವಿಷವೆಲ್ಲವೂ ಒಮ್ಮೆಲೇ ನೀರಿಗೆ ಬಿಡುಗಡೆಯಾಗುವುದೆಂಬುದನ್ನು ಮರೆಯಬಾರದು. ಕುರಿಗಳಿಗಂತೂ ತಾಮ್ರವು ಇತರ ಪಶುಗಳಿಗಿಂತ ಹೆಚ್ಚು ಅಪಾಯಕರ. ಜನರು ಕುಡಿಯುವ ಬಾವಿಗೆ ಇದನ್ನು ಹಾಕದೆ, ಬಾವಿಯನ್ನು ತೋಡಿ ಶುದ್ಧಮಾಡಿ ಮುಚ್ಚಿಗೆ ಮಾಡಿಸುವುದೇ ಯೋಗ್ಯ.

ಊರ ಪ್ರಮುಖರ ಕರ್ತವ್ಯ

ಹೊಂಡವು ಒಬ್ಬರ ಸ್ವತ್ತಾದರೂ, ಅಲ್ಲಿ ನೀರು ಕುಡಿಯುವ ದನಗಳು ಹಲವರವು. ಊರಿನ ಗೌಡರೂ ಜಮೀನುದಾರರೂ ಬೇಸಗೆಯಲ್ಲಿ ವಾರಕ್ಕೊಮ್ಮೆ ಹೊಂಡಗಳನ್ನು ನೋಡಿಸಿ, ಕೋಲಿನ ಪರೀಕ್ಷೆಯನ್ನು ದನಗಾಹಿಗಳಿಗೂ ಕುರಿಗಾರರಿಗೂ ಕಲಿಸಿಕೊಡತಕ್ಕದ್ದು. ನೂಲು ಯಾವುದು, ಬಣ್ಣ ಯಾವುದು ಎಂಬುದನ್ನು ದನ ಕಾಯುವ ಹುಡುಗನು ಅರಿತರೂ ಸಾಕು. ಊರಿನ ಮಂದೆಯು ಒಂದು ದೊಡ್ಡ ಹಾನಿಯಿಂದ ಉಳಿಯುವುದು.